ಅನ್‌ಬೇರಬಲ್

ಈ ಶಬ್ದವನ್ನು ನಮ್ಮ ಮನೆಗೆ ತಂದವಳು ಮಗಳು. ಕಾನ್ವೆಂಟಿಗೆ ಹೋಗುತ್ತಿದ್ದಳಲ್ಲ, ಉಪ್ಪಿಟ್ಟು ಅನ್‌ಬೇರಬಲ್, ಸೆಕೆ ಅನ್‌ಬೇರಬಲ್, ಪಕ್ಕದ ಮನೆಯ ಟೀವಿ ಅನ್‌ಬೇರಬಲ್. ಕೊನೆಗೆ ನಮ್ಮತ್ತೆಯವರೂ ಕಲಿತು, ಗೊಜ್ಜಿಗೆ ಉಪ್ಪು ಹೆಚ್ಚಾದ ದಿನ ‘ಅನ್ಬೇರ್ಬಲ್ ಕಣೇ’ ಎಂದು ತಟ್ಟೆ ಸರಿಸಿದ್ದರು.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಒಂಬತ್ತನೇ ಕ್ಲಾಸಿನಲ್ಲಿ ಈ ಪದವನ್ನು ಬಿಡಿಸಿ ಹೇಳುವಾಗ, ನಡುವಿನ ‘ಬೇರ್’ ಬಂದೊಡನೆ ಹಿಂದಿನ ಬೆಂಚಿನಿಂದ ‘ಕರಡಿ ಟೀಚರ್!’ ಎಂಬ ಕೂಗು ಪ್ರತಿ ವರ್ಷವೂ ತಪ್ಪದೆ ಬರುತ್ತದೆ. ಕರಡಿಯಲ್ಲ, ಹೊರುವುದು ಎನ್ನುತ್ತೇನೆ. ನಮ್ಮ ‘ಹೊರು’ವಿನ ಹಾಗೆ ಅದೂ ಮೂಟೆಗೆ ಸಲ್ಲುತ್ತದೆ, ಬಸಿರಿಗೂ ಸಲ್ಲುತ್ತದೆ. ಹುಟ್ಟಿದ್ದನ್ನು ಹೇಳುವ ‘ಬಾರ್ನ್’ ಇದರದೇ ರೂಪ. ಅಂಥ ಭಾರದ ಪದವನ್ನು ಉಪ್ಪಿಟ್ಟಿಗೆ ಅಂಟಿಸುತ್ತಾರಲ್ಲ ಎಂದು ನನಗೆ ನಗು. ಬೋರ್ಡಿನ ಮೇಲೆ ‘ಅಸಹನೀಯ’ ಎಂದು ಅರ್ಥ ಬರೆಯುತ್ತೇನೆ. ಯಾರ ಅಡುಗೆಮನೆಯಲ್ಲಿ ಆ ಪದ ಕೇಳಿದ್ದೀರಿ, ಹೇಳಿ? ನಮ್ಮಜ್ಜಿ ‘ತಾಳಲಾರೆ’ ಎಂದದ್ದನ್ನು ನಾನು ಕೇಳಿದ್ದು ಒಂದೇ ಸಲ, ಹಲ್ಲುನೋವಿನಲ್ಲಿ. ಉಳಿದದ್ದಕ್ಕೆಲ್ಲ ‘ತಾಳಿದವನು ಬಾಳಿಯಾನು’. ಗಾದೆಯಲ್ಲಿ ಇರುವುದು ‘ತಾಳಿದವನು’, ಹೇಳುವುದು ಮಾತ್ರ ಹೆಣ್ಣುಮಕ್ಕಳಿಗೆ!

ಮಗಳು ಮದುವೆಯಾಗಿ ಹುಬ್ಬಳ್ಳಿಗೆ ಹೋದಳು. ವಾರಕ್ಕೊಮ್ಮೆ ಫೋನು. ಒಮ್ಮೆ ‘ಇಲ್ಲಿ ಅನ್‌ಬೇರಬಲ್ ಅಮ್ಮ’ ಎಂದಳು. ‘ಬಿಸಿಲೇನೇ?’ ಎಂದೆ. ಸ್ವಲ್ಪ ಸುಮ್ಮನಿದ್ದು ‘ಹೂಂ’ ಎಂದಳು. ಮುಂದಿನ ವಾರವೂ ಅದೇ ಮಾತು. ‘ನಿನಗೆ ಯಾವುದು ತಾನೇ ಬೇರಬಲ್?’ ಎಂದು ನಕ್ಕು, ಉಪ್ಪಿನಕಾಯಿ ಕಳಿಸುವ ವಿಷಯ ತೆಗೆದೆ. ನಾಲ್ಕು ತಿಂಗಳು ಹೀಗೇ ಹೋಯಿತು.

ಒಂದು ರಾತ್ರಿ ಹತ್ತೂವರೆಗೆ ಫೋನು ಬಂತು. ಅಂದು ಇಂಗ್ಲಿಷ್ ಇರಲಿಲ್ಲ. ‘ಅಮ್ಮಾ, ತಾಳಕ್ಕಾಗ್ತಿಲ್ಲ’ ಎಂದಳು, ಅಷ್ಟೇ. ಥೇಟು ನಮ್ಮಜ್ಜಿಯ ದನಿ.

ಏನಾಗಿತ್ತು ಎಂಬುದು ಅವಳ ಮಾತು, ನಾನು ಬರೆಯಲಾರೆ. ದಾವಣಗೆರೆಯಿಂದ ಬೆಳಗಿನ ಮೊದಲ ಬಸ್ಸು ಹತ್ತಿದೆ. ಹಾವೇರಿ ದಾಟುವವರೆಗೂ, ಅವಳು ಎಷ್ಟು ಸಲ ಹೇಳಿದ್ದಳು ಎಂದು ಬೆರಳೆಣಿಸುತ್ತಲೇ ಇದ್ದೆ. ಸಂಜೆ ಅದೇ ದಾರಿಯಲ್ಲಿ ಇಬ್ಬರೂ ವಾಪಸು ಬಂದೆವು.

ಈಗ ಅವಳು ಇಲ್ಲೇ ಕೆಲಸಕ್ಕೆ ಹೋಗುತ್ತಾಳೆ. ಮೊನ್ನೆ ಬೆಳಿಗ್ಗೆ ತಟ್ಟೆ ಸರಿಸಿ ‘ಅನ್‌ಬೇರಬಲ್’ ಎಂದಳು. ಸೌಟು ಕೆಳಗಿಟ್ಟು, ಎದುರಿಗೆ ಬಂದು ಕುಳಿತು, ‘ಯಾವುದಮ್ಮ?’ ಎಂದು ಕೇಳಿದೆ.

‘ಉಪ್ಪಿಟ್ಟಮ್ಮಾ, ಬರೀ ಉಪ್ಪಿಟ್ಟು’ ಎಂದಳು.