ಓಸಿ ಅಂದ್ರ ಏನು, ಮಟ್ಕಾ ಅಂದ್ರ ಏನು

ನಮ್ಮ ಮೋಕದ ಕಡೆ ಮಟ್ಕಾ ಅನ್ನೋರು ಕಡಿಮಿ, ಓಸಿ ಅಂತಾನೇ ಅಂತಾರ. ಪುಕ್ಕಟೆ ಸಿಕ್ಕಿದ್ದಕ್ಕೂ ಕೆಲವರು ಓಸಿ ಅಂತಾರಲ್ಲ, ಇದು ಆ ಓಸಿ ಅಲ್ರೀ. ಇದು ಓಪನ್, ಕ್ಲೋಸ್. ಮೊದಲು ಬರೋ ನಂಬರು ಓಪನ್, ಆಮ್ಯಾಲೆ ಬರೋದು ಕ್ಲೋಸ್, ಎರಡೂ ಕೂಡಿದ್ರ ಜೋಡಿ.

ಇದರ ಬೇರು ಹತ್ತಿಯಾಗ ಐತಿ ಅಂದ್ರ ನಗ್ತೀರಿ. ಮೊದಲು ನ್ಯೂಯಾರ್ಕಿನ ಹತ್ತಿ ರೇಟು ಟೆಲಿಪ್ರಿಂಟರಿನಾಗ ಮುಂಬೈಗೆ ಬರ್ತಿತ್ತು. ಪ್ಯಾಟಿ ತೆರೆಯೋವಾಗ ಎಷ್ಟು, ಮುಚ್ಚೋವಾಗ ಎಷ್ಟು ಅಂತ ಜನ ರೊಕ್ಕ ಕಟ್ತಿದ್ರು. 1961ರಾಗ ಅದು ನಿಂತಿತು. ಆಟ ಬಿಟ್ಟಾರೇನು? 1962ರಾಗ ಕಲ್ಯಾಣಜಿ ಭಗತ್, 1964ರಾಗ ರತನ್ ಖತ್ರಿ ಮುಂಬೈನಾಗ ಬ್ಯಾರೆ ನಮೂನಿ ಶುರು ಮಾಡಿದ್ರು. ಚೀಟಿ ಮ್ಯಾಲೆ ನಂಬರು ಬರೆದು ಗಡಿಗ್ಯಾಗ ಹಾಕಿ ಎತ್ತೋದು. ಹಿಂದಿಯಾಗ ಗಡಿಗೀಗೆ ಮಟ್ಕಾ ಅಂತಾರ. ಆಮ್ಯಾಲೆ ಗಡಿಗಿ ಹೋಗಿ ಇಸ್ಪೀಟ್ ಎಲಿ ಬಂತು, ಈಗ ಮೊಬೈಲು. ಹೆಸರು ಮಾತ್ರ ಗಡಿಗೀದೇ.

ಜಪಾನಿನಾಗ ಪಚಿಂಕೊ ಅಂತ ಒಂದು ಐತಿ. ಸಣ್ಣ ಉಕ್ಕಿನ ಗುಂಡು ಮೊಳೆಗೆ ಬಡದು ಪಚಿ ಪಚಿ ಅಂತಾವ, ಅದಕ್ಕ ಆ ಹೆಸರು. ಗೆದ್ದೋರಿಗೆ ಅಲ್ಲಿ ರೊಕ್ಕ ಕೊಡಂಗಿಲ್ಲ, ಸಾಮಾನು ಕೊಡ್ತಾರ. ಆ ಸಾಮಾನು ಒಯ್ದು ಪಕ್ಕದ ಅಂಗಡಿಯಾಗ ಕೊಟ್ರ ರೊಕ್ಕ! ಎಲ್ಲಾ ಕಡೆ ಒಂದೇ ಬುದ್ಧಿ ನೋಡ್ರಿ.

ಕರ್ನಾಟಕ ಪೊಲೀಸ್ ಕಾಯ್ದೆ 1963ರ 78ನೇ ಕಲಂನಾಗ ಓಸಿ ಬರಿಯೋದು ಅಪರಾಧ. ಆದ್ರೂ ನಿಂತಿಲ್ಲ. ಕಾಯ್ದೆ ಇರಲಿ, ಲೆಕ್ಕಾನಾದ್ರೂ ಮನ್ಯಾಗ ಹೇಳ್ರಿ. 00ದಿಂದ 99ರ ತನಕ ಜೋಡಿ ನೂರು. ಬರಿಯೋನು ರೂಪಾಯಿಗೆ ಎಂಬತ್ತು ಕೊಡ್ತೀನಿ ಅಂತಾನ. ನೂರು ಜೋಡಿಗೂ ಒಂದೊಂದು ರೂಪಾಯಿ ಕಟ್ಟಿದ್ರ ನೂರು ಹೋಗಿ ಬರೋದು ಎಂಬತ್ತು. ಇಪ್ಪತ್ತು ಅಲ್ಲೇ ಉಳೀತು. ಸಂತ್ಯಾಗ ಮೆಣಸಿನಕಾಯಿ ತೂಕದಾಗ ಹತ್ತು ಗ್ರಾಂ ಕಡಿಮಿ ಬಂದ್ರ ಜಗಳಾಡೋ ಗಂಡಸರಿಗೆ ಇದು ಯಾಕ ಕಾಣಂಗಿಲ್ಲೋ.

ನಮ್ಮ ಓಣಿಯಾಗ ಒಬ್ಬಾಕಿ ಅದಾಳ, ಹೆಸರು ಬ್ಯಾಡ. ಗಂಡ ಕನಸಿನಾಗ ಹಾವು ಕಂಡ್ರ ಒಂದು ನಂಬರು, ಬಸ್ ಕಂಡ್ರ ಒಂದು ನಂಬರು ಅಂತ ಕಟ್ಟಿ ಕಟ್ಟಿ ಆಕಿ ಕಿವಿಯಾಗಿನ ಬೆಂಡೋಲಿ ಸೈತ ಅಡ ಇಟ್ಟ. ಸಂಘದ ಕಂತು ಎರಡು ವಾರ ಹಿಂದ ಬಿತ್ತು, ಉಳಿದ ಹೆಣಮಕ್ಕಳು ಕೈಯಿಂದ ಹಾಕಿ ಕಟ್ಟಿದ್ರು. ಈಗ ಆಕಿ ಕೂಲಿ ಬಂದ ದಿನಾನೇ ಕಂತಿನ ರೊಕ್ಕ ತಂದು ನನ್ನ ಹತ್ರ ಇಡ್ತಾಳ. ಹೋದ ವಾರ ಆತ ಬಂದು, "ಅಕ್ಕಾ, ನಮ್ಮಾಕಿ ಏನರ ಇಟ್ಟಾಳೇನು?" ಅಂತ ಕೇಳಿದ. "ಆಕಿದು ಆಕಿನ್ನೇ ಕೇಳಪಾ" ಅಂದೆ.