ಗೋಡೆಯೊಳಗಿನ ತಾಮ್ರ

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿದ ಈ ಶುಭಸಂದರ್ಭದಲ್ಲಿ ಗುರುಹಿರಿಯರನ್ನು ಸ್ಮರಿಸಿ ಬರೆಯಬಲ್ಲ ಸಮರ್ಥರು ಅನೇಕರಿದ್ದಾರೆ. ಅವರೆಲ್ಲರಿಗೂ ವಂದಿಸಿ, ನಾನು ನನ್ನ ಉದ್ಯೋಗಕ್ಕೆ ಸಂಬಂಧಿಸಿದ ಒಂದು ವಿಷಯವನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಹಳೆಯ ವಿದ್ಯಾರ್ಥಿಗಳ ವಂತಿಗೆಯಿಂದ ಶಾಲೆಯ ಕಂಪ್ಯೂಟರ್ ಕೋಣೆಗೂ ಕಚೇರಿಗೂ ನೆಟ್‌ವರ್ಕ್ ಕೇಬಲ್ ಹಾಕಿಸುವ ವಿಚಾರ ನಡೆದಿದೆ. ಸಭೆಯಲ್ಲಿ ಹಿರಿಯರೊಬ್ಬರು, "ತಂತಿ ಅಂದ್ರ ತಂತಿನೇ, ಇದರಾಗ ಫರಕೇನದರೀ? ಅಗ್ಗದ್ದು ತರ್ರಿ, ಉಳಿದ ರೊಕ್ಕದಾಗ ಎರಡು ಬೆಂಚ್ ಆಗ್ತಾವ" ಎಂದರು. ಅವರ ಕಳಕಳಿ ಯಥಾರ್ಥವಾದುದೇ. ಆದರೆ ಕಂಪ್ಯೂಟರುಗಳು ಆರೇಳು ವರ್ಷಗಳಲ್ಲಿ ಬದಲಾಗುತ್ತವೆ. ಗೋಡೆಯೊಳಗೆ ಹೋದ ತಂತಿ ಹದಿನೈದಿಪ್ಪತ್ತು ವರ್ಷ ಅಲ್ಲಿಯೇ ಇರುತ್ತದೆ.

ಇಂಥ ಫರಕು ನಮ್ಮ ಸೀಮೆಯವರಿಗೆ ಹೊಸದಲ್ಲ. ಗದ್ವಾಲ ಸೀರೆ ಕೊಳ್ಳುವ ತಾಯಂದಿರು ಜರಿ ಅಸಲೋ ನಕಲಿಯೋ ಎಂದು ಮೊದಲೇ ವಿಚಾರಿಸುತ್ತಾರೆ. ಅಸಲು ಜರಿಯೊಳಗೆ ಬೆಳ್ಳಿಯ ಎಳೆ, ನಕಲಿಯೊಳಗೆ ಸಾಮಾನ್ಯವಾಗಿ ತಾಮ್ರದ ಎಳೆ. ಕೇಬಲ್ಲಿನ ವ್ಯಾಪಾರದಲ್ಲಿ ಮಾತ್ರ ತಾಮ್ರವೇ ಅಸಲು! ಅಲ್ಯುಮಿನಿಯಂ ಎಳೆಗೆ ತಾಮ್ರದ ತೆಳುಹೊದಿಕೆ ಕೊಟ್ಟು 'ಸಿ.ಸಿ.ಎ.' ಎಂಬ ಹೆಸರಿನಲ್ಲಿ ಮಾರುವ ಮಾಲು ಅಗ್ಗವಾಗಿ ದೊರೆಯುತ್ತದೆ. ಅದೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಅಲ್ಯುಮಿನಿಯಂನ ವಿದ್ಯುತ್ ರೋಧ ಸುಮಾರು 1.6 ಪಟ್ಟು. ಇಂದು ಕ್ಯಾಮೆರಾಗಳಿಗೂ ವೈಫೈ ಪೆಟ್ಟಿಗೆಗಳಿಗೂ ಇದೇ ಕೇಬಲ್ಲಿನ ಮೂಲಕ ವಿದ್ಯುತ್ತನ್ನೂ ಕೊಡುವುದರಿಂದ, ಇಂಥ ತಂತಿ ಬಿಸಿಯಾಗುತ್ತದೆ, ತುದಿಯಲ್ಲಿ ವೋಲ್ಟೇಜು ಕುಗ್ಗುತ್ತದೆ. ಪರೀಕ್ಷೆ ಸುಲಭ: ಬ್ಲೇಡಿನಿಂದ ಎಳೆಯನ್ನು ಕೆರೆದು ನೋಡಬೇಕು. ಒಳಗೆ ಬೆಳ್ಳಗೆ ಕಂಡರೆ ಡಬ್ಬಿಯನ್ನು ಹಿಂದಿರುಗಿಸತಕ್ಕದ್ದು. 305 ಮೀಟರಿನ ಡಬ್ಬಿ ಅನುಮಾನ ಬರುವಷ್ಟು ಹಗುರವಾಗಿದ್ದರೂ ಅಷ್ಟೇ.

ಇನ್ನು ಹುರಿಯ ಮಾತು. ಕೇಬಲ್ಲಿನಲ್ಲಿ ಎಂಟು ಎಳೆಗಳು ನಾಲ್ಕು ಜೋಡಿಗಳಾಗಿ ಹುರಿಗೊಂಡಿರುತ್ತವೆ. ಹೊರಗಿನ ಗದ್ದಲವು ಜೋಡಿಯ ಎರಡೂ ಎಳೆಗಳಿಗೆ ಸಮನಾಗಿ ತಗಲಿ ಕೊನೆಯಲ್ಲಿ ಪರಸ್ಪರ ಕಳೆದುಹೋಗುತ್ತದೆ. ಗ್ರಹಾಂ ಬೆಲ್ಲನು 1881ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದನು. ಆದುದರಿಂದ ಕನೆಕ್ಟರ್ ಕೂರಿಸುವಾಗ ಹುರಿಯನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಕೆಲಸಗಾರರು ಅನುಕೂಲಕ್ಕೆಂದು ಎರಡು ಅಂಗುಲ ಬಿಚ್ಚುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ.

ದರ್ಜೆಯ ವಿಷಯದಲ್ಲಿ ಹೆಚ್ಚು ಚರ್ಚೆ ಬೇಡ. ಕ್ಯಾಟ್-5ಇ ಕೇಬಲ್ 100 ಮೀಟರಿನವರೆಗೆ ಒಂದು ಗಿಗಾಬಿಟ್ ವೇಗ ಕೊಡುತ್ತದೆ. ಕ್ಯಾಟ್-6 ಸುಮಾರು 55 ಮೀಟರಿನೊಳಗೆ ಹತ್ತು ಗಿಗಾಬಿಟ್. ಕ್ಯಾಟ್-6ಎ ಆ ವೇಗವನ್ನು 100 ಮೀಟರಿಗೂ ಒಯ್ಯುತ್ತದೆ. ನಮ್ಮ ಕಟ್ಟಡದ ಅಳತೆಗೆ ಶುದ್ಧ ತಾಮ್ರದ ಕ್ಯಾಟ್-6 ಸಾಕೆಂಬುದು ನನ್ನ ಅಭಿಪ್ರಾಯ. ಕ್ಯಾಟ್-8 ಎಂದು ಆಸೆ ಹಚ್ಚುವ ಅಂಗಡಿಯವರಿದ್ದಾರೆ. ಅದು ದೊಡ್ಡ ಡೇಟಾ ಸೆಂಟರುಗಳಲ್ಲಿ 30 ಮೀಟರಿನೊಳಗಿನ ಜೋಡಣೆಗೆ ಮಾಡಿದ್ದು.

ಕನೆಕ್ಟರ್ ಸಣ್ಣದು, ತೊಂದರೆಯೆಲ್ಲ ಬಹುಶಃ ಅಲ್ಲಿಯೇ. ಗೋಡೆಯೊಳಗಿನ ಕೇಬಲ್ಲಿನಲ್ಲಿ ಒಂದೊಂದೂ ಗಟ್ಟಿ ಎಳೆ. ಮೇಜಿನ ಮೇಲಿನ ಗಿಡ್ಡ ಕೇಬಲ್ಲುಗಳಲ್ಲಿ ಸಾಮಾನ್ಯವಾಗಿ ನೂಲಿನಂಥ ಹಲವು ಎಳೆಗಳು. ಆರ್‌ಜೆ-45 ಪ್ಲಗ್ಗಿನ ಹಲ್ಲುಗಳು ಎರಡಕ್ಕೂ ಬೇರೆ ಬೇರೆ. ಕ್ಯಾಟ್-6ರ ದಪ್ಪ ಎಳೆಯನ್ನು ಹಳೆಯ ಕ್ಯಾಟ್-5 ಪ್ಲಗ್ಗಿನಲ್ಲಿ ತುರುಕುವುದೂ ಸಲ್ಲದು. ಗೋಡೆಯ ತುದಿಗೆ ಪ್ಲಗ್ಗಿಗಿಂತ ಜಾಕ್ ಹಾಕಿಸುವುದೇ ಲೇಸು. ಬಣ್ಣಗಳ ಕ್ರಮ ತಪ್ಪಿ ಜೋಡಿಗಳು ಒಡೆದಿದ್ದರೂ ಅಗ್ಗದ ಟೆಸ್ಟರಿನಲ್ಲಿ ಎಂಟೂ ದೀಪಗಳು ಹೊತ್ತುತ್ತವೆ. ಅದನ್ನೇ ನಂಬಿ ಹಣ ಪಾವತಿ ಮಾಡಬಾರದು.

ನಮ್ಮ ಕಡೆಯ ಬಿಸಿಲನ್ನೂ ಮರೆಯುವಂತಿಲ್ಲ. ಉಷ್ಣತೆ ಒಂದೊಂದು ಡಿಗ್ರಿ ಏರಿದಂತೆ ತಾಮ್ರದ ರೋಧ ಶೇಕಡಾ 0.4ರಷ್ಟು ಹೆಚ್ಚುತ್ತದೆ. ತಗಡಿನ ಮಾಡಿನ ಕೆಳಗೆ ಕೇಬಲ್ ಎಳೆಯುವುದು ಬೇಡ. ಕರೆಂಟಿನ ತಂತಿಯಿರುವ ಪೈಪಿನಲ್ಲಂತೂ ಬೇಡವೇ ಬೇಡ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಅಂಗಳ ದಾಟುವಲ್ಲಿ, ಸಿಡಿಲಿನ ದೃಷ್ಟಿಯಿಂದ ತಾಮ್ರವನ್ನು ಬಿಟ್ಟು ಗಾಜಿನ ಎಳೆಯ ಫೈಬರ್ ಹಾಕಿಸತಕ್ಕದ್ದು.

ಬೇಸಿಗೆ ರಜೆಯಲ್ಲಿ ಕೆಲಸ ಆರಂಭವಾಗುವುದೆಂದು ತಿಳಿಯಿತು. ಮಾಲು ಬಂದ ದಿನ ಡಬ್ಬಿ ಒಡೆಯುವ ಮುನ್ನ ತಿಳಿಸಿದರೆ ನಾನೂ ಬರುತ್ತೇನೆ. ಬ್ಲೇಡು ತರುತ್ತೇನೆ, ಬೆಂಚುಗಳಿಗೆ ನನ್ನ ಪಾಲಿನ ಹಣವನ್ನೂ.