ಬೆಸೆಯುವ ಕಡ್ಡಿಯ ಧರ್ಮ

ಕಳೆದ ಶ್ರಾವಣದಲ್ಲಿ ಪ್ರವಚನ ಮುಗಿದ ಬಳಿಕ ಭಕ್ತರ ಮನೆಯ ತರುಣನೊಬ್ಬನು ಬಂದು ನಮಸ್ಕರಿಸಿದನು. ಬೆಸುಗೆಯ ಕಡ್ಡಿಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಅವನ ಕಾಯಕ. ಡ್ಯೂಪ್ಲೆಕ್ಸ್ ಎಂಬ ಸ್ಟೇನ್‌ಲೆಸ್ ಉಕ್ಕಿಗೆ ತಕ್ಕ ಕಡ್ಡಿಯನ್ನು ರೂಪಿಸುತ್ತಿರುವುದಾಗಿ ಹೇಳಿದನು. ಉಕ್ಕು ಯಾವುದೋ ಕಡ್ಡಿಯೂ ಅದರದೇ ಆದರೆ ಸಾಲದೇ ಎಂದು ನಾವು ಕೇಳಿದೆವು. “ತೊಡಕು ಇರುವುದೇ ಅಲ್ಲಿ, ಗುರುಗಳೇ” ಎಂದನು.

1930ರಲ್ಲಿ ಸ್ವೀಡನ್ ದೇಶದಲ್ಲಿ ಮೊದಲು ತಯಾರಾದ ಈ ಉಕ್ಕಿನ ಒಡಲಲ್ಲಿ ಎರಡು ಬಗೆಯ ಹರಳುಗಳು ಸರಿಸುಮಾರು ಸಮಪಾಲಾಗಿ ನೆಲೆಸಿರುತ್ತವೆ. ಫೆರೈಟ್ ಬಲವನ್ನು ಕೊಟ್ಟರೆ ಆಸ್ಟನೈಟ್ ಪೆಟ್ಟು ತಾಳುವ ಗುಣವನ್ನು ಕೊಡುತ್ತದೆ. ಎರಡೂ ಕೂಡಿರುವುದರಿಂದಲೇ ಉಪ್ಪುನೀರಿನ ಕೊಳವೆಗಳಿಗೂ ರಾಸಾಯನಿಕ ತೊಟ್ಟಿಗಳಿಗೂ ಇದು ಯೋಗ್ಯವಾಗಿದೆ. ಆದರೆ ಬೆಸೆಯುವಾಗ ಕರಗಿದ ಲೋಹವು ಮೊದಲು ಫೆರೈಟ್ ಆಗಿಯೇ ಗಟ್ಟಿಯಾಗುತ್ತದೆ. ಬೇಗ ತಣಿದರೆ ಆಸ್ಟನೈಟ್ ಸಾಕಷ್ಟು ಮೂಡಲು ಸಮಯವೇ ಸಿಗುವುದಿಲ್ಲ. ತೀರ ನಿಧಾನವಾಗಿ ತಣಿದರೆ ಸಿಗ್ಮಾ ಎಂಬ ಬೇರೊಂದು ಹರಳು ಹುಟ್ಟಿ ಬೆಸುಗೆ ಪೆಡಸಾಗುತ್ತದೆ. ಆದಕಾರಣ ನೂರಕ್ಕೆ 22 ಪಾಲು ಕ್ರೋಮಿಯಂ, 5 ಪಾಲು ನಿಕ್ಕಲ್ ಇರುವ ಉಕ್ಕಿಗೆ ಸುಮಾರು 9 ಪಾಲು ನಿಕ್ಕಲ್ ಇರುವ ಕಡ್ಡಿ ಬೇಕು. ಆ ಹೆಚ್ಚಿನ ನಿಕ್ಕಲ್ ಆಸ್ಟನೈಟನ್ನು ಮೂಡಿಸುತ್ತದೆ. ಅದೂ ಮಿತಿಮೀರಿದರೆ ಫೆರೈಟ್ ಸೊರಗಿ ಬಲ ಕುಗ್ಗುತ್ತದೆ. ಲೇಪನದಲ್ಲಿ ತೇವ ಉಳಿದರೆ ಜಲಜನಕ ಸೇರಿ ಬಿರುಕು ಬಿಡುವ ಭಯ. ಪ್ರತಿಯೊಂದು ಮಿಶ್ರಣವನ್ನೂ ಬೆಸೆದು, ಕತ್ತರಿಸಿ, ಹೊಳಪುಗೊಳಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸರಿಬಾರದಿದ್ದರೆ ಮತ್ತೆ ಮೊದಲಿನಿಂದ ತೊಡಗಬೇಕು.

ಇದನ್ನು ಕೇಳುತ್ತ ನಮಗೆ ನಮ್ಮದೇ ಒಂದು ತಪ್ಪು ನೆನಪಾಯಿತು. ಹಲವು ವರ್ಷಗಳ ಹಿಂದೆ ಅಣ್ಣತಮ್ಮಂದಿರಿಬ್ಬರ ಆಸ್ತಿಯ ಜಗಳ ನಮ್ಮೆದುರಿಗೆ ಬಂದಿತ್ತು. ಅಣ್ಣನ ಹಟಕ್ಕೆ ಹಟದಿಂದಲೂ ತಮ್ಮನ ಸಿಟ್ಟಿಗೆ ಸಿಟ್ಟಿನಿಂದಲೂ ಉತ್ತರವಿತ್ತು, ಒಂದೇ ಸಂಜೆಯಲ್ಲಿ ರಾಜಿ ಮಾಡಿಸಿದೆವು. ಹೊರಗೆ ಬೆಸುಗೆ ಕೂಡಿದಂತೆಯೇ ಕಂಡಿತು. ಮುಂದಿನ ದೀಪಾವಳಿಗೆ ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯಲಿಲ್ಲ. ಕೂಡಿಸಲು ಕುಳಿತ ನಮ್ಮಲ್ಲಿ ಅವರಿಗಿಂತ ಒಂದು ಪಾಲು ಹೆಚ್ಚಿನ ತಾಳ್ಮೆಯೂ ಇರಲಿಲ್ಲ. ಅಣ್ಣನು ಈಗ ಲಿಂಗೈಕ್ಯನಾಗಿದ್ದಾನೆ. ಅವನ ಮಟ್ಟಿಗೆ ಆ ಬೆಸುಗೆಯನ್ನು ತಿದ್ದುವ ಅವಕಾಶ ನಮಗಿಲ್ಲ.

ತರುಣನಿಗೆ ವಿಭೂತಿಯನ್ನಿತ್ತು, ಕಾಯಕದಲ್ಲಿ ಅವಸರ ಬೇಡವೆಂದಷ್ಟೇ ಹೇಳಿ ಕಳುಹಿಸಿದೆವು. ಬರುವ ದೀಪಾವಳಿಗೆ ಅಣ್ಣನ ಮಕ್ಕಳನ್ನು ಕರೆದುಕೊಂಡು ತಮ್ಮನ ಮನೆಗೆ ನಾವೇ ಹೋಗುವವರಿದ್ದೇವೆ.